ಗೆದ್ದ ಬಹುಮಾನಕ್ಕೆ ಕೈ ಚಾಚುವ ಮುನ್ನ

ಓದುಗರ ಪ್ರಶ್ನೆ: ಗಾಲ್ಫ್

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಕ್ಲಬ್ ಟೂರ್ನಿ ಮತ್ತು ಕಂಪನಿ ಗಾಲ್ಫ್ ದಿನಗಳ ಬಹುಮಾನಕ್ಕೆ ಸಂಬಂಧಿಸಿದವು. ನಮ್ಮ ಉತ್ತರಗಳಿಗೆ ಆಧಾರ 2022ರ ಜನವರಿ 1ರಿಂದ ಜಾರಿಯಲ್ಲಿರುವ ಹವ್ಯಾಸಿ (ಅಮೆಚೂರ್) ಸ್ಥಾನಮಾನದ ನಿಯಮಗಳು, ಅಂದರೆ ಹಣಕ್ಕಾಗಿ ಆಡದ ಆಟಗಾರರು ಏನು ಪಡೆಯಬಹುದು, ಏನು ಪಡೆಯಬಾರದು ಎಂಬ ನಿಯಮಗಳು. ಗಾಲ್ಫ್ ಆಡಳಿತ ಸಂಸ್ಥೆಗಳಾದ ಸೇಂಟ್ ಆಂಡ್ರ್ಯೂಸ್‌ನ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಸೇರಿ ಇವನ್ನು ರೂಪಿಸುತ್ತವೆ. ಭಾರತ ಆರ್ ಅಂಡ್ ಎ ವ್ಯಾಪ್ತಿಗೆ ಬರುತ್ತದೆ. ಇಲ್ಲಿ ಜಾರಿಯ ಹೊಣೆ ಇಂಡಿಯನ್ ಗಾಲ್ಫ್ ಯೂನಿಯನ್ನಿನದು.

ಪ್ರಶ್ನೆ: ನಮ್ಮ ಕಂಪನಿಯ ವಾರ್ಷಿಕ ಗಾಲ್ಫ್ ದಿನಕ್ಕೆ 72 ಮಂದಿ ಹೆಸರು ಕೊಟ್ಟಿದ್ದಾರೆ. ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟಕ್ಕೆ ತಕ್ಕಂತೆ ಕೊಡುವ ಹೊಡೆತಗಳ ರಿಯಾಯಿತಿ) ಲೆಕ್ಕದ ಸ್ಟೇಬಲ್‌ಫೋರ್ಡ್ ಆಟ, ಅಂದರೆ ಹೋಲಿಗಿಷ್ಟು ಪಾಯಿಂಟ್ ಎಣಿಸುವುದು. ಮೊದಲ ಬಹುಮಾನ ₹25,000 ನಗದು ಎಂದು ಆಹ್ವಾನದಲ್ಲಿ ಹಾಕಿಬಿಟ್ಟಿದ್ದೇವೆ. ಈಗ ಒಬ್ಬ ಆಟಗಾರರು, 'ಇದನ್ನು ತೆಗೆದುಕೊಂಡರೆ ನಾನು ಅಮೆಚೂರ್ ಆಗಿ ಉಳಿಯುವುದಿಲ್ಲ' ಎನ್ನುತ್ತಿದ್ದಾರೆ. ಮೊತ್ತ ಮಿತಿಯೊಳಗೇ ಇದೆಯಲ್ಲ?
– ಬೆಂಗಳೂರು

ಉತ್ತರ: ಅವರು ಹೇಳಿದ್ದು ಸರಿ. ಇಲ್ಲಿ ಮೊತ್ತ ನೋಡುವ ಮೊದಲು ಆಟದ ಬಗೆ ನೋಡಬೇಕು. ಫಲಿತಾಂಶಕ್ಕೆ ಹ್ಯಾಂಡಿಕ್ಯಾಪ್ ಕಳೆಯದ ಸ್ಕ್ರಾಚ್ ಆಟವಾದರೆ ಹವ್ಯಾಸಿ ಆಟಗಾರ ನಗದನ್ನೂ ಪಡೆಯಬಹುದು. ಮಿತಿ 700 ಪೌಂಡ್ ಅಥವಾ 1,000 ಡಾಲರ್. ಹ್ಯಾಂಡಿಕ್ಯಾಪ್ ಕಳೆದು ವಿಜೇತರನ್ನು ಆರಿಸುವ ಆಟದಲ್ಲೂ ಮಿತಿ ಅಷ್ಟೇ, ಆದರೆ ನಗದು ಕೂಡದು. ₹25,000 ಇರಲಿ, ₹500 ಇರಲಿ, ನಿಯಮ ಒಂದೇ. 2022ಕ್ಕಿಂತ ಮುಂಚೆ ನಗದೆಂದರೆ ಎಲ್ಲ ಆಟಕ್ಕೂ ನಿಷಿದ್ಧವಾಗಿತ್ತು. ಹೊಸ ನಿಯಮ ಸ್ಕ್ರಾಚ್ ಆಟಕ್ಕೆ ಮಾತ್ರ ಬಾಗಿಲು ತೆರೆದಿದ್ದನ್ನು ಹಲವರು 'ಈಗ ನಗದು ಕೊಡಬಹುದಂತೆ' ಎಂದು ಅರ್ಧ ಕೇಳಿಸಿಕೊಂಡಿದ್ದಾರೆ. ನಿಮ್ಮ ಆಹ್ವಾನದ ತಪ್ಪು ಅಲ್ಲಿಂದಲೇ ಬಂದಿರಬೇಕು.

ನಗದು ಎಂದರೆ ಲಕೋಟೆಯಲ್ಲಿಟ್ಟ ನೋಟು ಮಾತ್ರವಲ್ಲ. ಚೆಕ್, ಬ್ಯಾಂಕ್ ವರ್ಗಾವಣೆ, ಯುಪಿಐ, ಎಟಿಎಂನಲ್ಲಿ ಹಾಕಿ ಹಣ ತೆಗೆಯಬಹುದಾದ ಗಿಫ್ಟ್ ಕಾರ್ಡ್ ಎಲ್ಲವೂ ನಗದೇ. ವಸ್ತು ಅಥವಾ ಸೇವೆ ಮಾತ್ರ ಕೊಳ್ಳಬಹುದಾದ ವೋಚರ್ ನಗದಲ್ಲ. ಅದು ಕ್ಲಬ್ಬಿನ ಪ್ರೊ ಶಾಪ್‌ನದೇ ಆಗಿರಬೇಕೆಂದಿಲ್ಲ, ಬಟ್ಟೆ ಅಂಗಡಿಯದ್ದೂ ಆಗಬಹುದು.

ಆಟಕ್ಕೆ ಮುಂಚೆ ಎಲ್ಲ 72 ಮಂದಿಗೂ ತಿದ್ದುಪಡಿ ಕಳಿಸಿ: 'ಮೊದಲ ಬಹುಮಾನ ₹25,000 ಮೌಲ್ಯದ ವೋಚರ್, ನಗದಾಗಿ ಬದಲಾಯಿಸಲಾಗದು.' ಕೊನೆಯ ಎರಡು ಪದ ವೋಚರ್ ಮೇಲೂ ಅಚ್ಚಾಗಲಿ. ಇಲ್ಲದಿದ್ದರೆ ಸಂಜೆ ಯಾರಾದರೂ ಅಂಗಡಿಗೆ ಹೋಗಿ 'ವಸ್ತು ಬೇಡ, ದುಡ್ಡು ಕೊಡಿ' ಎನ್ನುತ್ತಾರೆ, ಅಂಗಡಿಯವರು ಪರಿಚಯದ ಮೇಲೆ ಕೊಟ್ಟೂ ಬಿಡುತ್ತಾರೆ. ನಗದನ್ನೇ ಕೊಡಬೇಕೆಂದಿದ್ದರೆ ಹ್ಯಾಂಡಿಕ್ಯಾಪ್ ಮುಟ್ಟದ ಸ್ಕ್ರಾಚ್ ಸ್ಪರ್ಧೆಯೊಂದನ್ನು ಪ್ರತ್ಯೇಕವಾಗಿ ಘೋಷಿಸಿ, ಹಣವನ್ನು ಅದಕ್ಕೆ ಇಡಿ. ಆಹ್ವಾನ ಅಚ್ಚಾಗಿದ್ದರಿಂದ ಈವರೆಗೆ ಯಾರ ಸ್ಥಾನಮಾನಕ್ಕೂ ಕುಂದು ಬಂದಿಲ್ಲ. ತಪ್ಪಾಗುವುದು ಬಹುಮಾನ ಸ್ವೀಕರಿಸಿದಾಗ.

ಪ್ರಶ್ನೆ: ಒಂದೇ ದಿನ ನನ್ನ ಪತ್ನಿಗೆ ಮೂರು ಬಹುಮಾನ ಬಂತು: ನೆಟ್ (ಹ್ಯಾಂಡಿಕ್ಯಾಪ್ ಕಳೆದ ಲೆಕ್ಕದ) ವಿಜೇತೆಗೆ ₹40,000 ವೋಚರ್, 7ನೇ ಹೋಲಿನಲ್ಲಿ ಪಿನ್‌ಗೆ (ಕುಳಿಯ ಬಾವುಟದ ಕೋಲಿಗೆ) ಹತ್ತಿರ ಹೊಡೆದದ್ದಕ್ಕೆ ಕೈಗಡಿಯಾರ, 14ನೇ ಹೋಲಿನಲ್ಲಿ ಅತಿ ದೂರದ ಹೊಡೆತಕ್ಕೆ ಡ್ರೈವರ್ (ದೂರ ಹೊಡೆಯುವ ಗಾಲ್ಫ್ ಕೋಲು). ಮಿತಿ ಒಂದೊಂದಕ್ಕೂ ಬೇರೆಯೇ? ಗಡಿಯಾರದ ಎಂಆರ್‌ಪಿ ₹45,000, ಪ್ರಾಯೋಜಕರು ಕೊಂಡದ್ದು ₹30,000ಕ್ಕೆ.
– ಮೈಸೂರು

ಉತ್ತರ: ಬೇರೆ ಬೇರೆಯಲ್ಲ. ಟೂರ್ನಿಯ ಆಟ ನಡೆಯುತ್ತಿರುವಾಗಲೇ ಅದರ ಹೋಲುಗಳಲ್ಲಿ ಇಟ್ಟ ಈ ಉಪಸ್ಪರ್ಧೆಗಳೂ ಅದೇ ಟೂರ್ನಿಯ ಭಾಗ. ಒಬ್ಬರು ಪಡೆದ ಎಲ್ಲ ಬಹುಮಾನಗಳ ಮೊತ್ತ ಸೇರಿ ಮಿತಿಯೊಳಗಿರಬೇಕು.

ಬೆಲೆ ಕಟ್ಟುವಾಗ ಪ್ರಾಯೋಜಕರ ಬಿಲ್ಲೂ ಬೇಡ, ಡಬ್ಬಿಯ ಮೇಲಿನ ಎಂಆರ್‌ಪಿಯೂ ಬೇಡ. ಬಹುಮಾನ ಪಡೆಯುವ ಹೊತ್ತಿಗೆ ಆ ವಸ್ತು ಅಂಗಡಿಗಳಲ್ಲಿ ಸಾಮಾನ್ಯವಾಗಿ ಎಷ್ಟಕ್ಕೆ ಸಿಗುತ್ತದೋ ಅದೇ ಅದರ ಮೌಲ್ಯ. ಗಡಿಯಾರ ಎಲ್ಲ ಕಡೆ ₹36,000ಕ್ಕೆ ಸಿಗುತ್ತಿದ್ದರೆ ₹36,000 ಬರೆಯಿರಿ. ಡ್ರೈವರ್ ₹38,000 ಎಂದಿಟ್ಟುಕೊಂಡರೆ ಮೂರೂ ಸೇರಿ ₹1,14,000. ಪೌಂಡಿಗೆ ₹115ರಂತೆ 700 ಪೌಂಡ್ ಅಂದರೆ ₹80,500. ಆ ದಿನದ ದರ ನೋಡಿ ಲೆಕ್ಕ ಮಾಡಿಕೊಳ್ಳಿ. ಅವರು ಡ್ರೈವರ್ ಬಿಟ್ಟರೆ ₹76,000, ಮಿತಿಯೊಳಗೆ. ವೋಚರ್ ಅಥವಾ ಗಡಿಯಾರ ಬಿಟ್ಟರೂ ಆಗುತ್ತದೆ, ಆಯ್ಕೆ ಅವರದು. ಬಿಟ್ಟದ್ದನ್ನು ಸಮಿತಿ ನಂತರದ ಸ್ಥಾನದವರಿಗೆ ಕೊಡಬಹುದು. ಮೂರನ್ನೂ ಪಡೆದು ಒಂದನ್ನು ತಂಗಿಗೆ ಕೊಟ್ಟೆ, ಅನಾಥಾಲಯಕ್ಕೆ ಕೊಟ್ಟೆ ಎಂದರೆ ನಡೆಯದು. ಆಮೇಲೆ ಯಾರಿಗೆ ಕೊಟ್ಟರೂ ಸ್ವೀಕರಿಸಿದ್ದು ಸ್ವೀಕರಿಸಿದ್ದೇ.

ಕೆತ್ತನೆಯ ಟ್ರೋಫಿ, ಪದಕಗಳು ಈ ಲೆಕ್ಕಕ್ಕೆ ಬರುವುದಿಲ್ಲ. ನಾಲ್ವರ ತಂಡಕ್ಕೆ ನಾಲ್ಕು ಬ್ಯಾಗ್ ಬಂದರೆ ಒಬ್ಬೊಬ್ಬರ ಪಾಲನ್ನು ಅವರವರ ಲೆಕ್ಕಕ್ಕೆ ಹಿಡಿಯಬೇಕು.

ಸಂಘಟಕರಿಗೆ ಒಂದು ಮಾತು. ಹ್ಯಾಂಡಿಕ್ಯಾಪ್ ಟೂರ್ನಿಯ ನಡುವೆ ಪಿನ್ ಹತ್ತಿರದ ಹೊಡೆತಕ್ಕೆ ನಗದು ಇಡುವ ಆಸೆ ಬೇಡ, ವಸ್ತುವನ್ನೇ ಇಡಿ. ಅದೇ ಲಾಂಗ್ ಡ್ರೈವ್ ಸ್ಪರ್ಧೆಯನ್ನು ಟೂರ್ನಿಯಿಂದ ಬಿಡಿಸಿ ಸಂಜೆ ಪ್ರಾಕ್ಟೀಸ್ ರೇಂಜಿನಲ್ಲಿ ಬೇರೆಯಾಗಿ ನಡೆಸಿದರೆ ಮಿತಿಯೇ ಇಲ್ಲ, ನಗದೂ ಆಗಬಹುದು. ಪಟ್ಟಿಂಗ್ ಮಾತ್ರ ಇರುವ ಸ್ಪರ್ಧೆಗೂ ಹಾಗೆಯೇ.

ಪ್ರಶ್ನೆ: ಹೋಲ್ ಇನ್ ಒನ್‌ಗೆ (ಮೊದಲ ಹೊಡೆತದಲ್ಲೇ ಚೆಂಡು ಕುಳಿಗೆ ಬೀಳುವುದಕ್ಕೆ) ಕಾರು ಇಡುತ್ತಿದ್ದೇವೆ. ಕಾರಿನ ಬೆಲೆ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು. ಗೆದ್ದವರು ಹವ್ಯಾಸಿ ಆಗಿ ಉಳಿಯುತ್ತಾರೆಯೇ? ಬೇರೆ ಏನು ನೋಡಿಕೊಳ್ಳಬೇಕು?
– ಮಡಿಕೇರಿ

ಉತ್ತರ: ಉಳಿಯುತ್ತಾರೆ. ಹೋಲ್ ಇನ್ ಒನ್ ಬಹುಮಾನಕ್ಕೆ ಮೌಲ್ಯದ ಮಿತಿ ಇಲ್ಲ. ಹೊಡೆತದ ದೂರ ಕನಿಷ್ಠ 50 ಗಜ ಇರಬೇಕು ಅಷ್ಟೇ. ಪಾರ್ 3 (ಮೂರು ಹೊಡೆತದಲ್ಲಿ ಮುಗಿಸಬೇಕಾದ) ಹೋಲು ಸಾಮಾನ್ಯವಾಗಿ ಅದಕ್ಕಿಂತ ಉದ್ದವೇ ಇರುತ್ತದೆ.

ತಲೆನೋವು ಬರುವುದು ವಿಮೆಯ ಕಡೆಯಿಂದ. ಕಾರನ್ನು ಸಂಘಟಕರು ಸಾಮಾನ್ಯವಾಗಿ ಕೊಂಡಿರುವುದಿಲ್ಲ, ಆ ಒಂದು ದಿನಕ್ಕೆ ಪಾಲಿಸಿ ಮಾಡಿಸಿರುತ್ತಾರೆ. ಪಾಲಿಸಿಯಲ್ಲಿ ಹೋಲಿನ ಸಂಖ್ಯೆ, ಗಂಡಸರ ಮತ್ತು ಹೆಂಗಸರ ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗದಿಂದ) ಕನಿಷ್ಠ ಗಜ, ಆಟಗಾರರ ಸಂಖ್ಯೆ, ಸಾಕ್ಷಿಗಳು ಯಾರು ಎಂಬುದೆಲ್ಲ ಬರೆದಿರುತ್ತದೆ. ಪಾಲಿಸಿಯಲ್ಲಿ 165 ಗಜ ಎಂದಿದೆ ಎನ್ನೋಣ. ಬೆಳಿಗ್ಗೆ ಮಾಲಿ ಹುಲ್ಲು ಸವೆದಿದೆಯೆಂದು ಟೀ ಗುರುತುಗಳನ್ನು ಆರೇಳು ಹೆಜ್ಜೆ ಮುಂದಕ್ಕೆ ಇಟ್ಟಿರುತ್ತಾನೆ. ಅವನಿಗೆ ವಿಮೆಯ ವಿಷಯ ಯಾರೂ ಹೇಳಿರುವುದಿಲ್ಲ. ದೂರ 158ಕ್ಕೆ ಇಳಿದಿರುತ್ತದೆ. ಮಧ್ಯಾಹ್ನ ಚೆಂಡು ನೇರ ಕುಳಿಗೆ ಬಿದ್ದರೂ ಕ್ಲೇಮ್ ತಿರಸ್ಕೃತವಾಗುತ್ತದೆ, ಕಾರಿನ ಬೆಲೆ ಸಂಘಟಕರ ತಲೆಗೆ ಬರುತ್ತದೆ. ಆದ್ದರಿಂದ ಆಟ ಶುರುವಾಗುವ ಮುಂಚೆ ಟೀ ಗುರುತುಗಳ ನಡುವೆ ನಿಂತು ಪಿನ್‌ವರೆಗೆ ಲೇಸರ್ ರೇಂಜ್‌ಫೈಂಡರಿನಿಂದ ಅಳೆಯಿರಿ, ಗುರುತುಗಳ ಫೋಟೊ ತೆಗೆದಿಡಿ, 'ಇವನ್ನು ಸರಿಸಬೇಡಿ' ಎಂದು ಮೈದಾನದ ಸಿಬ್ಬಂದಿಗೆ ಬಾಯಲ್ಲೇ ಹೇಳಿ.

ಸಾಕ್ಷಿಗೆ ಜತೆ ಆಟಗಾರರು ಸಾಲುತ್ತಾರೆಯೇ, ಹೊರಗಿನವರೇ ಬೇಕೇ ಎಂಬುದನ್ನು ಪಾಲಿಸಿಯಲ್ಲಿ ಓದಿ. ಹೊರಗಿನವರು ಬೇಕೆಂದಿದ್ದರೆ ಗ್ರೀನ್ ಪಕ್ಕ ಕೂತವರು ಊಟಕ್ಕೆ ಎದ್ದು ಹೋಗದಂತೆ ಬದಲಿ ಜನ ಇಡಿ. ದೇಣಿಗೆ ಪಡೆದು ಮಲ್ಲಿಗನ್ (ಮತ್ತೊಮ್ಮೆ ಹೊಡೆಯುವ ಅವಕಾಶ) ಮಾರುವ ಕ್ರಮ ನಿಮ್ಮಲ್ಲಿದ್ದರೆ ಆ ಹೋಲಿಗೆ ಅದು ಇಲ್ಲ ಎಂದು ಮೊದಲೇ ಸಾರಿಬಿಡಿ: ಎರಡನೇ ಚೆಂಡು ಕುಳಿಗೆ ಬಿದ್ದರೆ ಅದು ಹೋಲ್ ಇನ್ ಒನ್ ಅಲ್ಲ, ಆದರೆ ಹೊಡೆದವರು ಒಪ್ಪುವುದಿಲ್ಲ. ಗೆದ್ದವರ ತೆರಿಗೆಯ ವಿಷಯವನ್ನು ಲೆಕ್ಕಪರಿಶೋಧಕರ ಬಳಿ ಮೊದಲೇ ಕೇಳಿಡಿ.

ಪ್ರಶ್ನೆ: ಊಟದ ಹೊತ್ತಿನ ಲಕ್ಕಿ ಡ್ರಾದಲ್ಲಿ ₹1.5 ಲಕ್ಷದ ಟಿವಿ ಬಂತು. ವಾಪಸ್ ಕೊಡಬೇಕೇ?
– ಹುಬ್ಬಳ್ಳಿ

ಉತ್ತರ: ಬೇಡ. ಚೀಟಿ ಎತ್ತಿ ಕೊಟ್ಟದ್ದು ಆಟದ ಬಹುಮಾನವಲ್ಲ. ವಿಜೇತರ ಹೆಸರು ಮಾತ್ರ ಇರುವ ಡಬ್ಬಿಯಿಂದ ಚೀಟಿ ಎತ್ತಿ 'ಡ್ರಾ' ಎಂದರೆ ಮಾತ್ರ ಅದು ಮಿತಿ ತಪ್ಪಿಸುವ ಉಪಾಯವಾಗುತ್ತದೆ.

ಪ್ರಶ್ನೆ: ಪ್ರತಿ ಭಾನುವಾರ ನಾವು ನಾಲ್ವರು ಹೋಲಿಗೆ ₹200ರಂತೆ ಸ್ಕಿನ್ಸ್ (ಹೋಲು ಗೆದ್ದವರಿಗೆ ಆ ಹೋಲಿನ ಬಾಜಿ ಹಣ ಸಿಗುವ ಆಟ) ಆಡುತ್ತೇವೆ. ಹ್ಯಾಂಡಿಕ್ಯಾಪ್ ಕೊಟ್ಟೇ ಆಡುವುದು, ಹಣ ನಗದೇ. ನಾವೆಲ್ಲ ನಿಯಮ ಮುರಿದಂತಾಯಿತೇ?
– ಚಿಕ್ಕಮಗಳೂರು

ಉತ್ತರ: ಇಲ್ಲ. ಪರಿಚಯದವರು ತಮ್ಮ ತಮ್ಮಲ್ಲೇ ಕಟ್ಟುವ ಬಾಜಿಯನ್ನು ಬಹುಮಾನ ಎಂದು ಹಿಡಿಯುವುದಿಲ್ಲ. ಅದಕ್ಕೆ ಕೆಲವು ಷರತ್ತು: ಆಡುವವರು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು, ಸೇರಲೇಬೇಕೆಂಬ ಒತ್ತಾಯ ಇರಬಾರದು, ಹಣವೆಲ್ಲ ಆಡುವವರ ಜೇಬಿನದೇ ಆಗಿರಬೇಕು, ಮೊತ್ತ ಅತಿಯಾಗಬಾರದು. ಹೊರಗಿನ ಪ್ರಾಯೋಜಕ ಬಾಜಿಯ ಹಣಕ್ಕೆ ₹10,000 ಹಾಕಿದ ಕ್ಷಣ ಅದು ಬಹುಮಾನದ ಹಣ. ಎಂಟ್ರಿ ಫೀಯಲ್ಲೇ ಕಡ್ಡಾಯವಾಗಿ ಬಾಜಿ ಸೇರಿಸುವುದೂ ಹಾಗೆಯೇ. ದೇಶದ ಜೂಜಿನ ಕಾನೂನು ಮತ್ತು ನಿಮ್ಮ ಕ್ಲಬ್ಬಿನ ಬೈಲಾ ಇದರಿಂದ ಬೇರೆ. ಗಾಲ್ಫ್ ನಿಯಮ ಸುಮ್ಮನಿದೆ ಎಂದಮಾತ್ರಕ್ಕೆ ಅವು ಸುಮ್ಮನಿರುವುದಿಲ್ಲ.

ಪ್ರಶ್ನೆ: ನಾನು ಕ್ಯಾಡಿ (ಆಟಗಾರರ ಗಾಲ್ಫ್ ಬ್ಯಾಗ್ ಹೊರುವ ಕೆಲಸ). ಕ್ಯಾಡಿಗಳ ಟೂರ್ನಿಯಲ್ಲಿ ಹ್ಯಾಂಡಿಕ್ಯಾಪ್ ಇಲ್ಲದೆ ಆಡಿಸಿ ಗೆದ್ದವರಿಗೆ ನಗದು ಕೊಡುತ್ತಾರೆ. ಮುಂದೆ ಅಮೆಚೂರ್ ಟೂರ್ನಿ ಆಡುವ ಆಸೆ ಇದೆ. ಬಿಡುವಿನಲ್ಲಿ ರೇಂಜಿನಲ್ಲಿ ಮಕ್ಕಳಿಗೆ ಗಂಟೆಗೆ ₹300 ಪಡೆದು ಹೇಳಿಕೊಡುತ್ತೇನೆ. ಇದರಲ್ಲಿ ಯಾವುದಾದರೂ ತೊಂದರೆಯೇ?
– ಬೆಂಗಳೂರು

ಉತ್ತರ: ಕ್ಯಾಡಿ ಕೆಲಸದ ಕೂಲಿಗೂ ಹವ್ಯಾಸಿ ಸ್ಥಾನಮಾನಕ್ಕೂ ಸಂಬಂಧವಿಲ್ಲ. ನೀವು ಹೇಳಿದ್ದು ಸ್ಕ್ರಾಚ್ ಆಟ, ಆದ್ದರಿಂದ 700 ಪೌಂಡ್ ಒಳಗಿನ ನಗದು ಧಾರಾಳವಾಗಿ ಪಡೆಯಿರಿ.

ತೊಂದರೆ ಇರುವುದು ಆ ₹300ರಲ್ಲಿ. ಆಟ ಹೇಳಿಕೊಟ್ಟು ಹಣ ಪಡೆದರೆ ಹವ್ಯಾಸಿ ಸ್ಥಾನ ಹೋಗುತ್ತದೆ, ಮೊತ್ತ ಎಷ್ಟೇ ಚಿಕ್ಕದಿರಲಿ. ವಿನಾಯಿತಿಗಳು ಕಡಿಮೆ: ರಾಷ್ಟ್ರೀಯ ಸಂಸ್ಥೆ ಮೊದಲೇ ಒಪ್ಪಿದ ತರಬೇತಿ ಕಾರ್ಯಕ್ರಮ, ಶಾಲೆ, ಕಾಲೇಜು ಅಥವಾ ಶಿಬಿರದ ನೌಕರರಾಗಿದ್ದು ಗಾಲ್ಫ್ ಕಲಿಸುವುದು ಕೆಲಸದ ಅರ್ಧಕ್ಕಿಂತ ಕಡಿಮೆ ಇರುವುದು, ಬರಹದಲ್ಲಿ ಅಥವಾ ಆನ್‌ಲೈನಿನಲ್ಲಿ ಎಲ್ಲರಿಗೂ ಅನ್ವಯಿಸುವಂತೆ ಹೇಳುವುದು. ಯೂಟ್ಯೂಬಿನಲ್ಲಿ ಸ್ವಿಂಗ್ ಪಾಠದ ವಿಡಿಯೊ ಹಾಕಿ ಜಾಹೀರಾತಿನ ಹಣ ಪಡೆಯಬಹುದು. ಅದನ್ನು ನೋಡಿದ ಒಬ್ಬರು ತಮ್ಮ ಸ್ವಿಂಗ್ ಕಳಿಸಿ, ನೀವು ಶುಲ್ಕ ಪಡೆದು ತಿದ್ದಿದರೆ ಗೆರೆ ದಾಟಿದಂತೆ. ಪುಕ್ಕಟೆ ಹೇಳಿಕೊಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಈವರೆಗೆ ಪಡೆದ ಹಣದ ವಿಷಯ ಮುಚ್ಚಿಡದೆ ಯೂನಿಯನ್ನಿಗೆ ಬರೆದು, ಹವ್ಯಾಸಿ ಸ್ಥಾನಕ್ಕೆ ಮರಳಲು ಅರ್ಜಿ ಹಾಕಿ. ಮರಳುವ ದಾರಿ ಹಿಂದಿನಿಂದಲೂ ಇದೆ. 1913ರ ಯುಎಸ್ ಓಪನ್ ಗೆದ್ದ ಫ್ರಾನ್ಸಿಸ್ ವಿಮೆಟ್ ಕ್ರೀಡಾ ಸಾಮಗ್ರಿಯ ಅಂಗಡಿ ತೆರೆದರೆಂದು 1916ರಲ್ಲಿ ಅವರ ಹವ್ಯಾಸಿ ಸ್ಥಾನವನ್ನು ಕಿತ್ತುಕೊಂಡಿದ್ದರು, 1918ರಲ್ಲಿ ಮರಳಿ ಕೊಟ್ಟರು. ಇವತ್ತಿನ ನಿಯಮದಲ್ಲಿ ಅಂಗಡಿ ಇಡುವುದು ತಪ್ಪೇ ಅಲ್ಲ.

ಪ್ರಶ್ನೆ: ಮಗಳಿಗೆ 16 ವರ್ಷ. ಗಾಲ್ಫ್ ಕ್ಲಬ್ (ಹೊಡೆಯುವ ಕೋಲು) ತಯಾರಿಸುವ ಕಂಪನಿಯೊಂದು ಪೂರ್ತಿ ಸೆಟ್ ಕೊಟ್ಟು, ಪ್ರಯಾಣ ಖರ್ಚನ್ನೂ ನೋಡಿಕೊಂಡು, ಟೋಪಿಯ ಮೇಲೆ ತನ್ನ ಹೆಸರು ಹಾಕಿಸುತ್ತೇನೆ ಎನ್ನುತ್ತಿದೆ. ಒಪ್ಪಬಹುದೇ? ವೃತ್ತಿಪರರ ಟೂರ್ನಿಗೂ ಅವಳಿಗೆ ಕರೆ ಬಂದಿದೆ.
– ಬೆಂಗಳೂರು

ಉತ್ತರ: ಒಪ್ಪಬಹುದು. ಪ್ರಾಯೋಜಕತ್ವ, ಜಾಹೀರಾತು, ಉಚಿತ ಸಲಕರಣೆ, ಖರ್ಚುವೆಚ್ಚದ ಮೇಲಿದ್ದ ನಿರ್ಬಂಧಗಳೆಲ್ಲ 2022ರಲ್ಲಿ ಹೋದವು. ಅಮೆರಿಕದ ಕಾಲೇಜು ತಂಡಕ್ಕೆ ಸೇರುವ ಯೋಚನೆ ಇದ್ದರೆ ಮಾತ್ರ ಸಹಿ ಹಾಕುವ ಮುನ್ನ ಆ ಕಾಲೇಜಿನ ಕ್ರೀಡಾ ವಿಭಾಗವನ್ನು ಕೇಳಿ, ಅವರ ಅರ್ಹತಾ ನಿಯಮ ಬೇರೆಯೇ.

ವೃತ್ತಿಪರರ ಟೂರ್ನಿಯನ್ನು ಹವ್ಯಾಸಿಯಾಗಿಯೇ ಆಡಲಿ, ಎಂಟ್ರಿ ಫಾರ್ಮಿನಲ್ಲಿ ಅಮೆಚೂರ್ ಎಂಬ ಮನೆಗೆ ಗುರುತು ಹಾಕಿ. 'ಪ್ರೊ' ಎಂದು ಗುರುತು ಹಾಕಿ ಆಡಿದರೆ ಒಂದು ರೂಪಾಯಿ ಗೆಲ್ಲದಿದ್ದರೂ ಸ್ಥಾನ ಹೋಯಿತು. ಹವ್ಯಾಸಿಯಾಗಿ ಉಳಿದದ್ದಕ್ಕೆ ಬೆಲೆ ತೆರಬೇಕಾಗುವುದೂ ನಿಜ. 2024ರ ಜನವರಿಯಲ್ಲಿ ಅಮೆರಿಕದ ನಿಕ್ ಡನ್‌ಲ್ಯಾಪ್ ಹವ್ಯಾಸಿಯಾಗಿ ಪಿಜಿಎ ಟೂರ್‌ನ ಅಮೆರಿಕನ್ ಎಕ್ಸ್‌ಪ್ರೆಸ್ ಟೂರ್ನಿ ಗೆದ್ದಾಗ ಮೊದಲ ಬಹುಮಾನದ 15 ಲಕ್ಷ ಡಾಲರಿಗೂ ಮೇಲಿನ ಹಣ ಎರಡನೇ ಸ್ಥಾನದ ಕ್ರಿಸ್ಟಿಯಾನ್ ಬೆಜುಡೆನ್‌ಹೌಟ್‌ಗೆ ಹೋಯಿತು. ಕೆಲವೇ ದಿನಗಳಲ್ಲಿ ಡನ್‌ಲ್ಯಾಪ್ ಪ್ರೊ ಆದರು. ನಮ್ಮ ಅದಿತಿ ಅಶೋಕ್ 2016ರ ಆರಂಭದಲ್ಲಿ ಪ್ರೊ ಆಗಿ, ಅದೇ ವರ್ಷ ಮಹಿಳೆಯರ ಇಂಡಿಯನ್ ಓಪನ್ ಗೆದ್ದರು. ಯಾವಾಗ ದಾಟಬೇಕೆಂಬುದನ್ನು ನಿಯಮ ಹೇಳುವುದಿಲ್ಲ, ಅದು ಕೋಚ್ ಜತೆ ಕೂತು ತೀರ್ಮಾನಿಸುವ ವಿಷಯ.

ಪ್ರಶ್ನೆ: ನಮ್ಮ ಕಂಪನಿ ದಿನಕ್ಕೆ ಬರುವ ಅರ್ಧ ಜನಕ್ಕೆ ಅಧಿಕೃತ ಹ್ಯಾಂಡಿಕ್ಯಾಪ್ ಇಲ್ಲ. ಬಹುಮಾನ ಹೇಗೆ ಹಂಚುವುದು? 'ಪಿಯೋರಿಯಾ' ಪದ್ಧತಿ ಎಂದರೇನು? ಅದರಲ್ಲಿ ನಗದು ಕೊಡಬಹುದೇ?
– ಮಂಗಳೂರು

ಉತ್ತರ: ಹೊಸ ಪಿಯೋರಿಯಾದಲ್ಲಿ ಸಮಿತಿ ಯಾರಿಗೂ ಹೇಳದೆ 12 ಹೋಲುಗಳನ್ನು ಆರಿಸಿ ಲಕೋಟೆಯಲ್ಲಿ ಹಾಕಿಡುತ್ತದೆ: ಮೊದಲ ಒಂಬತ್ತರಲ್ಲಿ ಆರು, ಕೊನೆಯ ಒಂಬತ್ತರಲ್ಲಿ ಆರು, ಪ್ರತಿ ಆರರ ಪಾರ್ 24 ಆಗುವಂತೆ. ಆಟ ಮುಗಿದ ಮೇಲೆ ಆ 12 ಹೋಲುಗಳ ಹೊಡೆತ ಕೂಡಿ, ಒಂದೂವರೆ ಪಟ್ಟು ಮಾಡಿ, ಪಾರ್ 72 ಕಳೆದು, ಉಳಿದದ್ದರ ಶೇ 80 ಹಿಡಿಯಬೇಕು. ಒಬ್ಬರ ಒಟ್ಟು ಹೊಡೆತ 97, ಗುಪ್ತ ಹೋಲುಗಳಲ್ಲಿ 64 ಎಂದಿಟ್ಟುಕೊಳ್ಳಿ. 64ರ ಒಂದೂವರೆ ಪಟ್ಟು 96. 72 ಕಳೆದರೆ 24. ಅದರ ಶೇ 80 ಅಂದರೆ 19.2. ನೆಟ್ 77.8.

ಇದರ ದೌರ್ಬಲ್ಯ ಎದ್ದು ಕಾಣುತ್ತದೆ. ಗುಪ್ತ ಹೋಲಿನಲ್ಲಿ ಹತ್ತು ಹೊಡೆದವರಿಗೆ ಹ್ಯಾಂಡಿಕ್ಯಾಪ್ ಉಬ್ಬುತ್ತದೆ, ಅಂದರೆ ಕೆಟ್ಟದಾಗಿ ಆಡಿದ್ದಕ್ಕೇ ಲಾಭ. ಅದಕ್ಕೆ ಒಂದು ಹೋಲಿಗೆ ಪಾರ್‌ನ ಎರಡು ಪಟ್ಟಿಗಿಂತ ಹೆಚ್ಚು ಎಣಿಸುವುದಿಲ್ಲ ಎಂಬ ತಡೆ ಹಾಕಿಕೊಳ್ಳಿ. ಅದೃಷ್ಟದ ಪಾಲು ಇಷ್ಟಿರುವ ಪದ್ಧತಿಗೆ ದೊಡ್ಡ ಬಹುಮಾನ ಇಡಬೇಡಿ. ಅಧಿಕೃತ ಹ್ಯಾಂಡಿಕ್ಯಾಪ್ ಉಳ್ಳವರನ್ನು ಬೇರೆ ಪಟ್ಟಿಯಲ್ಲಿ ಆಡಿಸಿ. ನಗದಂತೂ ಇಲ್ಲ, ಇಲ್ಲೂ ಫಲಿತಾಂಶ ಹ್ಯಾಂಡಿಕ್ಯಾಪ್ ಕಳೆದೇ ಬರುವುದು.

ಪ್ರಶ್ನೆ: ಇಬ್ಬರು 38 ಪಾಯಿಂಟ್ ಗಳಿಸಿ ಸಮ ಆದರು. ಮೊದಲ ಬಹುಮಾನ ಯಾರಿಗೆ? ನಮ್ಮದು ಶಾಟ್‌ಗನ್ ಸ್ಟಾರ್ಟ್ (ಎಲ್ಲರೂ ಬೇರೆ ಬೇರೆ ಹೋಲಿನಿಂದ ಒಟ್ಟಿಗೆ ಶುರು ಮಾಡುವುದು), ಒಬ್ಬರು 5ನೇ ಹೋಲಿನಿಂದ ಶುರು ಮಾಡಿದ್ದರು.
– ಮೈಸೂರು

ಉತ್ತರ: ಸಾಮಾನ್ಯ ಕ್ರಮ ಕಾರ್ಡು ಹೋಲಿಸುವುದು. ಕೊನೆಯ ಒಂಬತ್ತು ಹೋಲಿನಲ್ಲಿ ಹೆಚ್ಚು ಪಾಯಿಂಟ್ ಇದ್ದವರು ಗೆದ್ದಂತೆ. ಅಲ್ಲೂ ಸಮವಾದರೆ ಕೊನೆಯ ಆರು, ಆಮೇಲೆ ಮೂರು, ಆಮೇಲೆ 18ನೇ ಹೋಲು. ಶಾಟ್‌ಗನ್ ಆಟದಲ್ಲಿ 'ಕೊನೆಯ' ಎಂದರೆ ಅವರವರು ಕೊನೆಗೆ ಆಡಿದ ಹೋಲುಗಳಲ್ಲ, ಕಾರ್ಡಿನ 10ರಿಂದ 18. 5ನೇ ಹೋಲಿನಿಂದ ಹೊರಟವರು 4ರಲ್ಲಿ ಮುಗಿಸಿದರೂ ನೋಡಬೇಕಾದ್ದು 10ರಿಂದ 18ನ್ನೇ. ಈ ಕ್ರಮವನ್ನು ಟೂರ್ನಿಯ ಷರತ್ತುಗಳ ಹಾಳೆಯಲ್ಲಿ ಮೊದಲೇ ಅಚ್ಚು ಹಾಕಿಸಿ, ಸ್ಟಾರ್ಟರ್ ಮೇಜಿನ ಮೇಲೂ ಒಂದು ಪ್ರತಿ ಇರಲಿ. ಕಾರ್ಡುಗಳು ಬಂದ ಮೇಲೆ ಕ್ರಮ ನಿರ್ಧರಿಸಲು ಕೂತರೆ ಯಾರ ಪರ ಎಂಬ ಮಾತು ಬರುತ್ತದೆ. ಎರಡನೆಯವರಿಗೆ ಹೋಗುವ ಬಹುಮಾನವೂ ಅವರ ಆ ದಿನದ ಮೊತ್ತಕ್ಕೆ ಸೇರುತ್ತದೆ ಎಂಬುದನ್ನು ಲೆಕ್ಕ ಬರೆಯುವವರಿಗೆ ಹೇಳಿಡಿ.